ಸೋತ ಕೋಳಿಯ ಲೆಕ್ಕ

ಹಳೆಯ ಪೆಟ್ಟಿಗೆಯೊಂದರಲ್ಲಿ ನಮಗೆ ನೀಲಿಯ ರಿಬ್ಬನ್ನೊಂದು ದೊರೆಯಿತೆಂದು ಭಾವಿಸೋಣ. ಅದರ ಮೇಲೆ ‘ಕೋಳಿ ಪ್ರದರ್ಶನ’ ಎಂಬ ಎರಡು ಮಾತುಗಳ ಹೊರತು ಬೇರೇನೂ ಬರೆದಿಲ್ಲ. ಇದನ್ನು ಗಳಿಸಿದ ಕೋಳಿ ಎಂಥದಾಗಿದ್ದಿರಬೇಕು? ರಿಬ್ಬನ್ನು ಅಮೆರಿಕದ್ದಾದರೆ ಆ ಕೋಳಿ ತನ್ನ ವರ್ಗದಲ್ಲಿ ಮೊದಲನೆಯದು. ಆ ದೇಶದಲ್ಲಿ ಪ್ರಥಮ ಬಹುಮಾನಕ್ಕೆ ಸಲ್ಲುವ ಬಣ್ಣ ನೀಲಿ. ಇಂಗ್ಲೆಂಡಿನದಾದರೆ ಅದು ಎರಡನೆಯದು. ಅಲ್ಲಿ ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ನೀಲಿ. ಒಂದೇ ಬಟ್ಟೆಯ ತುಂಡು ಎರಡು ನಾಡುಗಳಲ್ಲಿ ಎರಡು ಅರ್ಥವನ್ನು ಕೊಡುವುದು. ಇನ್ನು ಆ ಕೋಳಿಯೊಡನೆ ಸ್ಪರ್ಧೆಗೆ ನಿಂತವು ಎಷ್ಟು, ತೀರ್ಪು ಕೊಟ್ಟವರು ಯಾರು, ಅದರ ತಾಯಿತಂದೆಗಳು ಯಾವುವು, ಅದರ ಮರಿಗಳು ಏನಾದುವು ಎಂದು ಕೇಳಿದರೆ ರಿಬ್ಬನ್ನು ಮೂಕವಾಗಿಬಿಡುವುದು.

ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬಲ್ಲ ವಸ್ತು ಒಂದೇ. ಅದು ದಾಖಲೆಯ ಪುಸ್ತಕ. ಕೋಳಿಗಳನ್ನು ಸಾಕಿ ಪ್ರದರ್ಶನಕ್ಕೆ ಒಯ್ಯುವವರು ಫಲಿತಾಂಶಗಳನ್ನು ಹೇಗೆ ಬರೆದಿಡಬೇಕೆಂಬುದು ಮೊದಲ ನೋಟಕ್ಕೆ ಹವ್ಯಾಸಿಗಳ ಸಣ್ಣ ವಿಷಯವೆಂದು ತೋರಬಹುದು. ಆದರೆ ಈ ಸಣ್ಣ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರವೂ ಅನುವಂಶಶಾಸ್ತ್ರವೂ ಅಡಗಿವೆ. ಪ್ರಯೋಗಶಾಲೆಯಲ್ಲಿ ಟಿಪ್ಪಣಿ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ, ಇದಕ್ಕಿಂತ ಸ್ವಾರಸ್ಯವಾದ ಪಾಠ ದೊರೆಯುವುದು ಕಷ್ಟ.

ಕಾಳಗದ ಕಣದಿಂದ ಪ್ರದರ್ಶನದ ಪಂಜರಕ್ಕೆ

ಇಂಗ್ಲೆಂಡಿನಲ್ಲಿ ೧೮೩೫ರ ಕಾನೂನು ಕೋಳಿಕಾಳಗವನ್ನು ನಿಷೇಧಿಸಿತು. ಹುಂಜಗಳ ಶೌರ್ಯವನ್ನು ನೋಡಿ ಪಂದ್ಯ ಕಟ್ಟುವುದು ಹೋಗಿ, ಅವುಗಳ ರೂಪವನ್ನು ನೋಡಿ ಬಹುಮಾನ ಕೊಡುವ ರೂಢಿ ಕ್ರಮೇಣ ಬೆಳೆಯಿತು. ೧೮೪೫ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಕೋಳಿಗಳ ಪ್ರದರ್ಶನವೊಂದು ನಡೆಯಿತು. ೧೮೪೯ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಬೋಸ್ಟನ್ ನಗರದ ಸಾರ್ವಜನಿಕ ಉದ್ಯಾನದಲ್ಲಿ ಆ ದೇಶದ ಮೊದಲ ಪ್ರದರ್ಶನ ಜರುಗಿತು. ಅಲ್ಲಿಗೆ ೨೧೯ ಮಂದಿ ತಂದಿದ್ದ ಪಕ್ಷಿಗಳ ಸಂಖ್ಯೆ ೧,೪೨೩. ನೋಡಲು ಬಂದವರು ಸುಮಾರು ಹತ್ತು ಸಾವಿರ ಮಂದಿ. ಚೀನಾದಿಂದ ಬಂದ ದೊಡ್ಡ ಗಾತ್ರದ ಕೋಳಿಗಳನ್ನು ಕಂಡು ಜನ ಮರುಳಾದರು. ತತ್ತಿಗಳಿಗೂ ಮರಿಗಳಿಗೂ ನಂಬಲಾಗದ ಬೆಲೆ ಬಂದಿತು. ಈ ಹುಚ್ಚಿಗೆ ಆಗಿನವರೇ ‘ಕೋಳಿಜ್ವರ’ ಎಂದು ಹೆಸರಿಟ್ಟರು.

ಜ್ವರವೇರಿದ ಸಂತೆಯಲ್ಲಿ ಮೋಸಕ್ಕೆ ಅವಕಾಶ ಹೆಚ್ಚು. ಯಾವ ಕೋಳಿಯನ್ನು ಯಾವ ತಳಿಯೆಂದು ಕರೆಯಬೇಕು, ಯಾವುದು ಗುಣ, ಯಾವುದು ದೋಷ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇರಲಿಲ್ಲ. ಈ ಕೊರತೆಯನ್ನು ನೀಗಲು ಇಂಗ್ಲೆಂಡಿನಲ್ಲಿ ೧೮೬೫ರಲ್ಲಿ ತಳಿಗಳ ಲಕ್ಷಣಗಳನ್ನು ವಿವರಿಸುವ ಗ್ರಂಥವೊಂದು ಹೊರಬಂದಿತು. ಅದನ್ನು ಸಿದ್ಧಪಡಿಸಿದವರು ಟೆಗೆಟ್‌ಮೈಯರ್. ಅಮೆರಿಕದಲ್ಲಿ ೧೮೭೩ರಲ್ಲಿ ಬಫಲೋ ನಗರದಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿ, ಮರುವರ್ಷವೇ ತನ್ನ ಲಕ್ಷಣಗ್ರಂಥವನ್ನು ಪ್ರಕಟಿಸಿತು. ಆಕಾರ, ಬಣ್ಣ, ಜುಟ್ಟು, ಕಾಲು, ತೂಕ ಮುಂತಾದುವುಗಳಿಗೆ ಒಟ್ಟು ನೂರು ಅಂಕಗಳನ್ನು ಹಂಚುವ ಪದ್ಧತಿ ರೂಢಿಗೆ ಬಂದಿತು. ಉದಾಹರಣೆಗೆ, ಅಮೆರಿಕದ ಗ್ರಂಥದ ಪ್ರಕಾರ ರೋಡ್ ಐಲೆಂಡ್ ರೆಡ್ ತಳಿಯ ಬೆಳೆದ ಹುಂಜ ಎಂಟೂವರೆ ಪೌಂಡು, ಹೇಂಟೆ ಆರೂವರೆ ಪೌಂಡು ತೂಗಬೇಕು.

ಈ ತೀರ್ಪುಗಳು ಕೇವಲ ವಿನೋದಕ್ಕೆ ಸಂಬಂಧಿಸಿದುವಲ್ಲ. ಬಹುಮಾನ ಪಡೆದ ಕೋಳಿಯಿಂದಲೇ ಮುಂದಿನ ಪೀಳಿಗೆಯನ್ನು ಪಡೆಯುವುದು ವಾಡಿಕೆ. ಆದುದರಿಂದ ತೀರ್ಪುಗಾರನ ಮಾತು ತಳಿಯ ರೂಪವನ್ನೇ ತಿದ್ದುತ್ತ ಹೋಗುವುದು. ಜೋತುಬಿದ್ದಿದ್ದ ಸ್ಪ್ಯಾನಿಷ್ ಹುಂಜದ ಜುಟ್ಟು ನೆಟ್ಟಗೆ ನಿಲ್ಲಬೇಕೆಂದು ತೀರ್ಪುಗಾರರು ವಿಧಿಸಿದುದನ್ನೂ, ನಾಲ್ಕೈದು ವರ್ಷಗಳೊಳಗೆ ಅದು ಹಾಗೆಯೇ ಆದುದನ್ನೂ ಚಾರ್ಲ್ಸ್ ಡಾರ್ವಿನ್ ತಮ್ಮ ಗ್ರಂಥವೊಂದರಲ್ಲಿ ಎತ್ತಿ ಹೇಳಿದ್ದಾರೆ. ಇಷ್ಟು ಬಲವುಳ್ಳ ಆಯ್ಕೆಯನ್ನು ನೆನಪಿನ ಆಧಾರದ ಮೇಲೆ ನಡೆಸಬಹುದೆ? ನೆನಪಿಗೆ ಒಂದು ದುರ್ಗುಣವುಂಟು. ಗೆಲುವನ್ನು ಅದು ಜೋಪಾನವಾಗಿ ಇಟ್ಟುಕೊಳ್ಳುವುದು. ಸೋಲನ್ನು ಮೆಲ್ಲಗೆ ಜಾರಿಸಿಬಿಡುವುದು.

ಮೂರರಲ್ಲಿ ಮೊದಲನೆಯದು, ಮೂವತ್ತರಲ್ಲಿ ನಾಲ್ಕನೆಯದು

ಒಂದು ಕೋಳಿ ಮೂರೇ ಪಂಜರಗಳಿದ್ದ ವರ್ಗದಲ್ಲಿ ಮೊದಲನೆಯದಾಯಿತು. ಇನ್ನೊಂದು, ಮೂವತ್ತು ಪಂಜರಗಳ ಸಾಲಿನಲ್ಲಿ ನಾಲ್ಕನೆಯದಾಯಿತು. ಗೋಡೆಗೆ ತೂಗುಹಾಕಲು ಮೊದಲನೆಯದರ ರಿಬ್ಬನ್ನೇ ಸೊಗಸು. ಆದರೆ ಅದು ಹಿಂದೆ ಹಾಕಿದುದು ಎರಡೇ ಕೋಳಿಗಳನ್ನು. ಎರಡನೆಯದು ಇಪ್ಪತ್ತಾರನ್ನು ಹಿಂದೆ ಹಾಕಿದೆ. ಸ್ಥಾನವನ್ನು ಮಾತ್ರ ಬರೆದು ಸ್ಪರ್ಧಿಗಳ ಸಂಖ್ಯೆಯನ್ನು ಬಿಟ್ಟ ದಾಖಲೆ ಅರ್ಧ ದಾಖಲೆ.

ಇದರಲ್ಲಿ ಅದೃಷ್ಟದ ಪಾಲೆಷ್ಟೆಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಒಂದು ವರ್ಗದಲ್ಲಿರುವ ಮೂರು ಕೋಳಿಗಳೂ ಗುಣದಲ್ಲಿ ಸಮಾನವೆಂದೂ, ತೀರ್ಪು ಚೀಟಿ ಎತ್ತಿದಂತೆ ಬೀಳುವುದೆಂದೂ ಇಟ್ಟುಕೊಳ್ಳೋಣ. ಆಗ ನಮ್ಮ ಕೋಳಿ ಒಂದು ಪ್ರದರ್ಶನದಲ್ಲಿ ಮೊದಲನೆಯದಾಗದಿರುವ ಸಂಭವ ಮೂರರಲ್ಲಿ ಎರಡು ಪಾಲು. ಇಂಥ ಹತ್ತು ಪ್ರದರ್ಶನಗಳಿಗೆ ಒಯ್ದರೆ ಹತ್ತರಲ್ಲಿಯೂ ಸೋಲುವ ಸಂಭವವನ್ನು ತಿಳಿಯಲು ಮೂರನೇ ಎರಡನ್ನು ಹತ್ತು ಬಾರಿ ತನ್ನಿಂದಲೇ ಗುಣಿಸಬೇಕು. ಬರುವ ಉತ್ತರ ನೂರಕ್ಕೆ ಎರಡಕ್ಕಿಂತಲೂ ಕಡಮೆ. ಎಂದರೆ, ಯಾವ ವಿಶೇಷ ಗುಣವೂ ಇಲ್ಲದ ಕೋಳಿಯು ಹತ್ತು ಬಾರಿಯಲ್ಲಿ ಒಮ್ಮೆಯಾದರೂ ಪ್ರಥಮ ಬಹುಮಾನ ಪಡೆಯುವ ಸಂಭವ ನೂರಕ್ಕೆ ತೊಂಬತ್ತೆಂಟು! ಸ್ಪರ್ಧಿಗಳು ಪ್ರತಿಸಲವೂ ಮೂವತ್ತಿದ್ದರೆ ಇದೇ ಸಂಭವ ನೂರಕ್ಕೆ ಇಪ್ಪತ್ತೊಂಬತ್ತಕ್ಕೆ ಇಳಿಯುವುದು. ಒಂಬತ್ತು ಸೋಲುಗಳನ್ನು ಬರೆಯದೆ ಒಂದು ಗೆಲುವನ್ನು ಮಾತ್ರ ಬರೆದಿಟ್ಟವನು ಇತರರನ್ನಲ್ಲ, ಮೊದಲು ತನ್ನನ್ನೇ ವಂಚಿಸಿಕೊಳ್ಳುವನು.

ಪುಸ್ತಕದಲ್ಲಿ ಏನೇನು ಇರಬೇಕು?

ದಾಖಲೆಗೆ ಮೊದಲು ಬೇಕಾದುದು ಗುರುತು. ‘ಕೆಂಪು ಹುಂಜ’, ‘ಆ ದಪ್ಪ ಹೇಂಟೆ’ ಎಂಬ ವರ್ಣನೆಗಳು ಒಂದು ವರ್ಷದೊಳಗೆ ನಿರರ್ಥಕವಾಗುವುವು. ಆ ವೇಳೆಗೆ ಅಂಗಳದಲ್ಲಿ ಬೇರೆ ನಾಲ್ಕು ಕೆಂಪು ಹುಂಜಗಳು ಬೆಳೆದಿರುವುವು. ಆದುದರಿಂದ ಮರಿ ಚಿಕ್ಕದಾಗಿರುವಾಗಲೇ ವರ್ಷವನ್ನೂ ಸಂಖ್ಯೆಯನ್ನೂ ಒತ್ತಿರುವ, ಜೋಡಣೆಯಿಲ್ಲದ ಉಂಗುರವನ್ನು ಅದರ ಕಾಲಿಗೆ ತೊಡಿಸುವರು. ಕಾಲು ದಪ್ಪನಾದ ಮೇಲೆ ಆ ಉಂಗುರವನ್ನು ಕತ್ತರಿಸದೆ ತೆಗೆಯಲಾಗದು. ಹೀಗೆ ಕೋಳಿಯ ಹೆಸರು ಅದರ ಕಾಲಿನಲ್ಲಿಯೇ ಇರುವುದು. ಮಾಲೀಕನ ನೆನಪಿನಲ್ಲಿ ಅಲ್ಲ.

ಪ್ರತಿಯೊಂದು ಕೋಳಿಗೂ ಒಂದು ಪುಟವನ್ನು ಮೀಸಲಿಡಬೇಕು. ಪುಟದ ಮೇಲ್ಭಾಗದಲ್ಲಿ ಎಂದೂ ಬದಲಾಗದ ಸಂಗತಿಗಳಿರತಕ್ಕದ್ದು: ಉಂಗುರದ ಸಂಖ್ಯೆ, ತಳಿ, ಬಣ್ಣ, ಗಂಡೋ ಹೆಣ್ಣೋ, ತತ್ತಿಯೊಡೆದು ಹೊರಬಂದ ದಿನ, ತಂದೆಯ ಸಂಖ್ಯೆ, ತಾಯಿಯ ಸಂಖ್ಯೆ. ಹೊರಬಂದ ದಿನವೇಕೆಂದರೆ, ಪ್ರದರ್ಶನಗಳಲ್ಲಿ ಒಂದು ವರ್ಷ ತುಂಬಿದ ಹುಂಜ, ಎಳೆಯ ಹುಂಜ, ಬೆಳೆದ ಹೇಂಟೆ, ಎಳೆಯ ಹೇಂಟೆ ಎಂದು ಬೇರೆಬೇರೆ ವರ್ಗಗಳುಂಟು. ತೂಕದ ನಿಯಮಗಳೂ ಅದಕ್ಕೆ ತಕ್ಕಂತೆ ಬದಲಾಗುವುವು.

ಕೆಳಗಿನ ಭಾಗದಲ್ಲಿ ಒಂದೊಂದು ಪ್ರದರ್ಶನಕ್ಕೆ ಒಂದೊಂದು ಸಾಲು. ಸ್ಥಳ ಮತ್ತು ದಿನಾಂಕ, ತೀರ್ಪುಗಾರರ ಹೆಸರು, ವರ್ಗದಲ್ಲಿದ್ದ ಕೋಳಿಗಳ ಸಂಖ್ಯೆ, ದೊರೆತ ಸ್ಥಾನ, ಆ ದಿನದ ತೂಕ, ಗರಿಗಳ ಸ್ಥಿತಿ, ತೀರ್ಪುಗಾರರು ಆಡಿದ ಮಾತು, ಇವಿಷ್ಟನ್ನು ಬರೆಯಬೇಕು. ಗರಿಗಳ ಸ್ಥಿತಿ ಮುಖ್ಯ. ಕೋಳಿಗಳು ವರ್ಷಕ್ಕೊಮ್ಮೆ ಹಳೆಯ ಗರಿಗಳನ್ನುದುರಿಸಿ ಹೊಸ ಗರಿಗಳನ್ನು ತಳೆಯುವುವು. ಆ ಕಾಲದಲ್ಲಿ ಎಷ್ಟು ಒಳ್ಳೆಯ ಹುಂಜವಾದರೂ ಹರಕು ಕಂಬಳಿಯಂತೆ ಕಾಣುವುದು. ಆಗ ಬಂದ ಹತ್ತನೆಯ ಸ್ಥಾನ ತಳಿಯ ದೋಷವನ್ನು ತೋರಿಸದು, ಒಯ್ದವನ ಆತುರವನ್ನು ತೋರಿಸುವುದು. ಎರಡು ಮೂರು ವರ್ಷಗಳ ಸಾಲುಗಳು ಸೇರಿದಾಗ ಯಾವ ಕೋಳಿ ಯಾವ ತಿಂಗಳಲ್ಲಿ ಪೂರ್ಣ ಗರಿಯಿಂದಿರುತ್ತದೆ ಎಂಬುದು ತಾನಾಗಿಯೇ ಎದ್ದು ತೋರುವುದು.

ತೀರ್ಪುಗಾರರ ಮಾತನ್ನು ಅವರ ಮಾತಿನಲ್ಲಿಯೇ ಬರೆಯಬೇಕು. ‘ಬಾಲ ತೀರ ಎತ್ತರ’ ಎಂದು ಅವರು ಅಂದಿದ್ದರೆ ಹಾಗೆಯೇ ಬರೆದು, ‘ನಮಗೆ ಹಾಗೆ ತೋರಲಿಲ್ಲ’ ಎಂಬುದನ್ನು ಬೇರೆ ಅಂಕಣದಲ್ಲಿ ಬರೆಯಬಹುದು. ಕಂಡದ್ದನ್ನೂ ಅಂದುಕೊಂಡದ್ದನ್ನೂ ಬೆರೆಸಬಾರದು. ಬರೆಯುವ ಕೆಲಸ ಅದೇ ದಿನ, ಸಾಧ್ಯವಾದರೆ ಪಂಜರದ ಮುಂದೆಯೇ ಮುಗಿಯಬೇಕು. ತಪ್ಪಾದರೆ ಉಜ್ಜಿ ಅಳಿಸದೆ, ಹಳೆಯದು ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು.

ಕಡೆಯ ಅಂಕಣ ಮನೆಗೆ ಮರಳಿದ ದಿನದ್ದು. ಪ್ರದರ್ಶನವೆಂದರೆ ಹಲವು ಊರುಗಳ ಪಕ್ಷಿಗಳು ಒಂದೇ ಸೂರಿನ ಕೆಳಗೆ ಉಸಿರಾಡುವ ಸ್ಥಳ. ಹಿಂದಿರುಗಿದ ಕೋಳಿಯನ್ನು ಕನಿಷ್ಠ ಎರಡು ವಾರಗಳಾದರೂ ಹಿಂಡಿನಿಂದ ದೂರವಿಟ್ಟು ನೋಡಿಕೊಳ್ಳುವುದು ವಿವೇಕ. ಭಾರತದಲ್ಲಿ ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಮೊದಲಬಾರಿಗೆ ಕಾಣಿಸಿಕೊಂಡ ಮೇಲೆ ಈ ರೋಗದ ಹೆಸರು ನಮಗೆಲ್ಲ ಪರಿಚಿತ. ಇಂಥ ರೋಗ ತಲೆದೋರಿದಾಗ ಯಾವ ಪಕ್ಷಿ ಯಾವ ದಿನ ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬ ಒಂದು ಸಾಲಿನ ಬರಹವು ಸೋಂಕಿನ ಜಾಡು ಹಿಡಿಯುವವರಿಗೆ ದಾರಿ ತೋರಿಸುವುದು.

ತೀರ್ಪುಗಾರನ ಕಣ್ಣು

ತೀರ್ಪುಗಾರರ ಹೆಸರು ಏತಕ್ಕೆ ಬೇಕು? ನುರಿತವರಾದರೂ ಅವರೂ ಮನುಷ್ಯರೇ. ಒಬ್ಬರ ಕಣ್ಣು ಮೊದಲು ಬಣ್ಣದ ಮೇಲೆ ಬೀಳುವುದು. ಇನ್ನೊಬ್ಬರದು ಮೈಕಟ್ಟಿನ ಮೇಲೆ. ಒಂದು ತೀರ್ಪು ಎಂಬುದು ಒಂದು ಅಳತೆ. ಪ್ರತಿಯೊಂದು ಅಳತೆಯಲ್ಲಿಯೂ ಸ್ವಲ್ಪ ತಪ್ಪು ಇದ್ದೇ ಇರುವುದು. ಈ ವಿಷಯದಲ್ಲಿ ಪ್ರಸಿದ್ಧವಾದ ಪಾಠವೊಂದು ಕೋಳಿಗಳಿದ್ದ ಪ್ರದರ್ಶನದಿಂದಲೇ ಹೊರಟಿತು.

ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ ಕೊಬ್ಬಿದ ದನಗಳ ಮತ್ತು ಕೋಳಿಗಳ ಪ್ರದರ್ಶನವೊಂದು ನಡೆಯಿತು. ಅಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಕಡಿದು ಶುಚಿಮಾಡಿದ ಮೇಲೆ ಅದರ ತೂಕವೆಷ್ಟಾಗುವುದೆಂದು ಊಹಿಸುವ ಪಂದ್ಯವನ್ನಿಟ್ಟಿದ್ದರು. ಆರು ಪೆನ್ಸ್ ಕೊಟ್ಟು ಚೀಟಿ ಕೊಂಡು ಜನ ತಮ್ಮ ಊಹೆಯನ್ನು ಬರೆದರು. ಪಂದ್ಯ ಮುಗಿದ ಮೇಲೆ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ ಚೀಟಿಗಳನ್ನೆಲ್ಲ ಪಡೆದು, ಓದಲು ಬಾರದ ಹದಿಮೂರನ್ನು ಬಿಟ್ಟು ಉಳಿದ ೭೮೭ನ್ನು ಕ್ರಮವಾಗಿ ಜೋಡಿಸಿದರು. ಸಾಲಿನ ನಟ್ಟನಡುವಿನ ಊಹೆ ೧,೨೦೭ ಪೌಂಡು; ಎತ್ತಿನ ನಿಜವಾದ ತೂಕ ೧,೧೯೮ ಪೌಂಡು. ತಪ್ಪು ನೂರಕ್ಕೆ ಒಂದರಷ್ಟೂ ಇರಲಿಲ್ಲ! ೧೯೦೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಲೇಖನ ಇಂದಿಗೂ ಸಂಖ್ಯಾಶಾಸ್ತ್ರದ ಪಾಠಗಳಲ್ಲಿ ಉಲ್ಲೇಖಗೊಳ್ಳುತ್ತದೆ.

ಒಬ್ಬೊಬ್ಬರ ತಪ್ಪು ಒಂದೊಂದು ಕಡೆಗೆ ವಾಲಿದಾಗ ಅವು ಒಂದನ್ನೊಂದು ಕಳೆಯುವುವೆಂಬುದು ಇಲ್ಲಿಯ ತತ್ತ್ವ. ನಮ್ಮ ಕೋಳಿಯನ್ನು ಐದಾರು ಮಂದಿ ತೀರ್ಪುಗಾರರು ನೋಡಿದ ಮೇಲೆ ಉಂಟಾಗುವ ಅಭಿಪ್ರಾಯ ಒಬ್ಬರ ಅಭಿಪ್ರಾಯಕ್ಕಿಂತ ನೆಚ್ಚತಕ್ಕದ್ದು. ಆದರೆ ಎಲ್ಲರೂ ಒಂದೇ ಕಡೆಗೆ ವಾಲಿದರೆ ಈ ಉಪಾಯ ಫಲಿಸದು. ಆಗಿನ ಮೋಹ ಯಾವುದೋ ಒಂದು ಬಣ್ಣದ ಮೇಲಿದ್ದರೆ ಎಷ್ಟು ಮಂದಿಯನ್ನು ಕೇಳಿದರೂ ಅದೇ ಉತ್ತರ ಬರುವುದು. ತೀರ್ಪುಗಾರರ ಹೆಸರನ್ನು ಬರೆದಿಟ್ಟವನು ಮಾತ್ರ ಇದನ್ನು ಗುರುತಿಸಬಲ್ಲನು. ಇನ್ನೊಂದು ಮಾತು: ಪಂದ್ಯ ನಡೆಸಿದವರು ಗೆದ್ದ ಚೀಟಿಗಳನ್ನಷ್ಟೇ ಇಟ್ಟುಕೊಂಡು ಸೋತ ಚೀಟಿಗಳನ್ನು ಕಸದ ಬುಟ್ಟಿಗೆ ಹಾಕಿದ್ದರೆ ಗಾಲ್ಟನ್ನರಿಗೆ ಏನೂ ತಿಳಿಯುತ್ತಿರಲಿಲ್ಲ.

ನೀಲಿ ಕೋಳಿಯ ರಹಸ್ಯ

ಸೋತವುಗಳ ಲೆಕ್ಕವನ್ನು ಬಿಟ್ಟರೆ ಎಂಥ ನಷ್ಟವಾಗಬಹುದೆಂಬುದಕ್ಕೆ ನೀಲಿ ಆಂಡಲೂಸಿಯನ್ ಎಂಬ ತಳಿಯ ಕಥೆಯೇ ಸಾಕ್ಷಿ. ಇದರ ಗರಿಗಳು ಮಳೆಮೋಡದಂತೆ ಬೂದುಮಿಶ್ರಿತ ನೀಲಿ. ಒಂದೊಂದು ಗರಿಯ ಅಂಚಿಗೂ ಕಪ್ಪು ಗೆರೆ. ಪ್ರದರ್ಶನಗಳಲ್ಲಿ ಈ ನೀಲಿಗೇ ಮನ್ನಣೆ. ಆದುದರಿಂದ ಸಾಕುವವರು ಉತ್ತಮವಾದ ನೀಲಿ ಹುಂಜವನ್ನು ಉತ್ತಮವಾದ ನೀಲಿ ಹೇಂಟೆಯೊಡನೆ ಕೂಡಿಸುವರು. ಹುಟ್ಟಿದ ಮರಿಗಳಲ್ಲಿ ಕೆಲವು ನೀಲಿ. ಆದರೆ ಕೆಲವು ಕಪ್ಪು, ಕೆಲವು ಅಲ್ಲಲ್ಲಿ ಬಣ್ಣ ಸಿಡಿದಂತಿರುವ ಬಿಳಿ. ಈ ಕಪ್ಪು ಬಿಳಿಗಳನ್ನು ಕೆಲಸಕ್ಕೆ ಬಾರದ ಮರಿಗಳೆಂದು ಬೇರ್ಪಡಿಸಿಬಿಡುತ್ತಿದ್ದರು. ತಳಿ ಇನ್ನೂ ಶುದ್ಧವಾಗಿಲ್ಲ, ಇನ್ನಷ್ಟು ಕಟ್ಟುನಿಟ್ಟಾಗಿ ಆರಿಸಿದರೆ ಒಂದು ದಿನ ಎಲ್ಲ ಮರಿಗಳೂ ನೀಲಿಯಾಗುವುವು ಎಂಬುದು ಅವರ ನಂಬಿಕೆ. ಪೀಳಿಗೆಯ ಮೇಲೆ ಪೀಳಿಗೆ ಆರಿಸಿದರೂ ಆ ದಿನ ಬರಲಿಲ್ಲ.

೧೯೦೦ರಲ್ಲಿ ಮೆಂಡಲನ ಮರೆತುಹೋಗಿದ್ದ ನಿಯಮಗಳು ಮತ್ತೆ ಬೆಳಕಿಗೆ ಬಂದುವು. ಅವು ಪ್ರಾಣಿಗಳಿಗೂ ಅನ್ವಯಿಸುವುವೆಂದು ಮೊದಲು ತೋರಿಸಿದವರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಒಬ್ಬರು. ೧೯೦೨ರಲ್ಲಿ ಅವರು ಇದನ್ನು ತೋರಿಸಿದುದು ಕೋಳಿಗಳಲ್ಲಿಯೇ. ಬೇಟ್ಸನ್ನರೂ ಅವರ ಜೊತೆಗಾರರಾದ ಪನೆಟ್ಟರೂ ನೀಲಿ ಆಂಡಲೂಸಿಯನ್ ಕೋಳಿಯ ಎಲ್ಲ ಮರಿಗಳನ್ನೂ, ‘ಕೆಲಸಕ್ಕೆ ಬಾರದ’ವುಗಳನ್ನೂ ಸೇರಿಸಿ, ಲೆಕ್ಕಕ್ಕೆ ತೆಗೆದುಕೊಂಡರು. ಲೆಕ್ಕ ಮಾಡಿದೊಡನೆ ಒಗಟು ಬಿಡಿಸಿಕೊಂಡಿತು. ನಾಲ್ಕು ಮರಿಗಳಲ್ಲಿ ಸರಾಸರಿ ಒಂದು ಕಪ್ಪು, ಎರಡು ನೀಲಿ, ಒಂದು ಬಿಳಿ!

ಇದರ ಕಾರಣ ಸರಳ. ಈ ಬಣ್ಣಕ್ಕೆ ಸಂಬಂಧಿಸಿದಂತೆ ಪ್ರತಿಯೊಂದು ಕೋಳಿಯಲ್ಲಿಯೂ ಎರಡು ಅಂಶಗಳಿರುವುವು. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದುದು. ಎರಡೂ ಕಪ್ಪಿನ ಅಂಶಗಳಾದರೆ ಕೋಳಿ ಕಪ್ಪು. ಎರಡೂ ಬಿಳಿಯ ಅಂಶಗಳಾದರೆ ಬಿಳಿ. ಒಂದು ಅದು, ಒಂದು ಇದು ಆದರೆ ನೀಲಿ. ಹಾಗಾಗಿ ನೀಲಿಯೆಂಬುದು ಯಾವಾಗಲೂ ಜೋಡಿಯ ಬಣ್ಣ. ನೀಲಿ ಕೋಳಿಯು ತನ್ನ ಮರಿಗಳಲ್ಲಿ ಅರ್ಧಕ್ಕೆ ಕಪ್ಪಿನ ಅಂಶವನ್ನೂ ಅರ್ಧಕ್ಕೆ ಬಿಳಿಯ ಅಂಶವನ್ನೂ ಕೊಡುವುದರಿಂದ ಅದು ಎಂದೆಂದಿಗೂ ಶುದ್ಧ ತಳಿಯಾಗಲಾರದು. ಎಷ್ಟು ಕಟ್ಟುನಿಟ್ಟಿನ ಆಯ್ಕೆಯಿಂದಲೂ ಇದನ್ನು ಬದಲಾಯಿಸಲಾಗದು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಮುಂದಿದೆ. ನೀಲಿಯನ್ನು ನೀಲಿಯೊಡನೆ ಕೂಡಿಸಿದರೆ ನೂರರಲ್ಲಿ ಸುಮಾರು ಐವತ್ತು ಮರಿಗಳು ಮಾತ್ರ ನೀಲಿ. ಆದರೆ ಹೊರಗೆಸೆದ ಕಪ್ಪನ್ನು ಹೊರಗೆಸೆದ ಬಿಳಿಯೊಡನೆ ಕೂಡಿಸಿದರೆ ನೂರಕ್ಕೆ ನೂರೂ ನೀಲಿ! ತಾವು ಅರಸುತ್ತಿದ್ದ ನಿಧಿಯ ಬೀಗದ ಕೈಯನ್ನು ಸಾಕಣೆಗಾರರು ಪ್ರತಿವರ್ಷವೂ ತಮ್ಮ ಕೈಯಾರೆ ಆಚೆಗೆ ಎಸೆಯುತ್ತಿದ್ದರು. ಬಹುಮಾನಗಳ ಪಟ್ಟಿಯಲ್ಲಿ ಕಪ್ಪು ಬಿಳಿ ಮರಿಗಳಿಗೆ ಸ್ಥಳವಿರಲಿಲ್ಲ. ಪಂಜರಕ್ಕೆ ಏರದ ಕೋಳಿಯ ಹೆಸರು ಅಲ್ಲಿ ಬರುವುದಾದರೂ ಹೇಗೆ? ಮರಿ ಹೊರಬಂದ ದಿನವೇ ಬಣ್ಣಗಳನ್ನು ಎಣಿಸಿ ಬರೆದಿಡಲು ಬೇಕಾಗಿದ್ದುದು ಒಂದು ಪೆನ್ಸಿಲು, ಒಂದು ಕಾಗದ, ಮತ್ತು ಸೋತವುಗಳ ಮೇಲೆ ಸ್ವಲ್ಪ ಗೌರವ.

ತನ್ನ ಗುಣವೇ, ಸಂತತಿಯ ಗುಣವೇ?

ಆದುದರಿಂದ ಕೋಳಿಯ ಪುಟದಲ್ಲಿ ಅದರ ಮರಿಗಳಿಗೂ ಒಂದು ಸ್ಥಳವಿರಬೇಕು. ಇದರ ಅಗತ್ಯವನ್ನು ಅಮೆರಿಕದ ಮೇಯ್ನ್ ಸಂಸ್ಥಾನದ ಕೃಷಿ ಪ್ರಯೋಗಕೇಂದ್ರವು ತತ್ತಿಗಳ ವಿಷಯದಲ್ಲಿ ಕಂಡುಕೊಂಡಿತು. ಅಲ್ಲಿ ೧೮೯೮ರಿಂದ, ಹೇಂಟೆ ಒಳಹೊಕ್ಕೊಡನೆ ತಾನೇ ಮುಚ್ಚಿಕೊಳ್ಳುವ ಬೋನಿನಂಥ ಗೂಡುಗಳನ್ನಿಟ್ಟು, ಯಾವ ಹೇಂಟೆ ಎಷ್ಟು ತತ್ತಿಯಿಟ್ಟಿತೆಂಬುದನ್ನು ಒಂದೊಂದಾಗಿ ಬರೆದರು. ಮೊದಲ ವರ್ಷದಲ್ಲಿ ೧೬೦ ತತ್ತಿಗಳಿಗೆ ಕಡಮೆಯಿಲ್ಲದೆ ಇಟ್ಟ ಹೇಂಟೆಗಳನ್ನೂ, ೨೦೦ಕ್ಕೆ ಕಡಮೆಯಿಲ್ಲದೆ ಇಟ್ಟ ತಾಯಿಯ ಮಕ್ಕಳಾದ ಹುಂಜಗಳನ್ನೂ ಮಾತ್ರ ಆರಿಸಿ ಪೀಳಿಗೆ ಬೆಳೆಸಿದರು. ಸುಮಾರು ಒಂಬತ್ತು ವರ್ಷ ಹೀಗೆ ನಡೆದರೂ ಹಿಂಡಿನ ಸರಾಸರಿ ಏರಲಿಲ್ಲ. ದಾಖಲೆಗಳು ಪೂರ್ಣವಾಗಿದ್ದುದರಿಂದಲೇ ರೇಮಂಡ್ ಪರ್ಲ್ ಎಂಬ ಜೀವವಿಜ್ಞಾನಿಗೆ ಈ ಸೋಲನ್ನು ಪರಿಶೀಲಿಸಲು ಸಾಧ್ಯವಾಯಿತು. ಕೋಳಿಯ ಸ್ವಂತ ಸಾಧನೆ ಅದರ ಸಂತತಿಯ ಸಾಧನೆಗೆ ನೆಚ್ಚತಕ್ಕ ಸೂಚನೆಯಲ್ಲವೆಂದು ಅವರು ತಿಳಿಸಿದರು. ಮಕ್ಕಳ ದಾಖಲೆಯನ್ನು ನೋಡಿ ತಾಯಿತಂದೆಗಳನ್ನು ಆರಿಸತೊಡಗಿದ ಮೇಲೆ ತತ್ತಿಗಳ ಸಂಖ್ಯೆ ಏರಿತು.

ಪ್ರದರ್ಶನದ ಕೋಳಿಗೂ ಇದೇ ನ್ಯಾಯ. ಹತ್ತು ರಿಬ್ಬನ್ನು ಗೆದ್ದ ಹುಂಜದ ಮರಿಗಳು ಸಾಧಾರಣವಾಗಿರಬಹುದು. ಎಂದೂ ಗೆಲ್ಲದ ಅದರ ತಮ್ಮನ ಮರಿಗಳು ಪಂಜರದ ಸಾಲಿನಲ್ಲಿ ಮುಂದೆ ನಿಲ್ಲಬಹುದು. ಎರಡು ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವನಿಗೆ ಮಾತ್ರ ಯಾವುದನ್ನು ಉಳಿಸಿಕೊಳ್ಳಬೇಕೆಂಬುದು ತಿಳಿಯುವುದು. ತಮ್ಮನ ಪುಟವನ್ನು ತೆರೆಯದೇ ಇದ್ದವನು ಅದನ್ನು ಕಾಸಿಗೆ ಮಾರಿಬಿಟ್ಟಿರುವನು.

ವಿದ್ಯಾರ್ಥಿಗಳೆಲ್ಲರೂ ಕೋಳಿ ಸಾಕಬೇಕಾಗಿಲ್ಲ. ಆದರೆ ಲೋಲಕವನ್ನು ಆಡಿಸಿ ಕಾಲವನ್ನಳೆಯುವಾಗ, ಬೀಜಗಳನ್ನು ಬಿತ್ತಿ ಮೊಳಕೆಗಳನ್ನೆಣಿಸುವಾಗ, ಪುಸ್ತಕದ ಉತ್ತರಕ್ಕೆ ಹೊಂದದ ಸಂಖ್ಯೆಯನ್ನು ಬಿಟ್ಟುಬಿಡೋಣವೆಂಬ ಆಸೆ ನಮ್ಮೆಲ್ಲರಿಗೂ ಆಗುವುದುಂಟು. ಆ ಗಳಿಗೆಯಲ್ಲಿ ಆಂಡಲೂಸಿಯನ್ ಕೋಳಿಯ ಕಪ್ಪು ಬಿಳಿ ಮರಿಗಳನ್ನು ನೆನೆಯುವುದು ಒಳ್ಳೆಯದು. ಗೆದ್ದ ಕೋಳಿಯ ನೆನಪಿಗೆ ರಿಬ್ಬನ್ನು ಇದ್ದೇ ಇರುವುದು. ಸೋತ ಕೋಳಿಗೆ ನಮ್ಮ ಪುಸ್ತಕದ ಒಂದು ಸಾಲಲ್ಲದೆ ಬೇರೆ ಗತಿಯಿಲ್ಲ.